ಕಾಯುವವಳಿಗೂ ಚಿಕಿತ್ಸೆಯೆ?

ಗಂಡ ರಾತ್ರಿ ಕುಡಿದು ಬಿದ್ದುಕೊಂಡಿದ್ದಾನೆ. ಬೆಳಿಗ್ಗೆ ಅವನ ಕಚೇರಿಗೆ ಫೋನ್ ಮಾಡಿ ‘ಜ್ವರ ಬಂದಿದೆ ಸಾರ್’ ಎನ್ನುವವಳು ಹೆಂಡತಿ. ಅವನ ಸಾಲ ತೀರಿಸಲು ಮಹಿಳಾ ಸಂಘದಲ್ಲಿ ಸಾಲ ಎತ್ತುವವಳೂ ಅವಳೇ. ವಾಂತಿ ಬಳಿದು, ಮಕ್ಕಳಿಗೆ ‘ಅಪ್ಪಂಗೆ ಹುಷಾರಿಲ್ಲ’ ಎಂದು ಹೇಳಿ, ನೆಂಟರ ಮದುವೆ ತಪ್ಪಿಸಿಕೊಳ್ಳಲು ನೆಪ ಹುಡುಕುತ್ತಾಳೆ. ಅವನು ಎಷ್ಟು ಹೊತ್ತಿಗೆ ಬರುತ್ತಾನೆ, ಯಾವ ಸ್ಥಿತಿಯಲ್ಲಿ ಬರುತ್ತಾನೆ ಎನ್ನುವುದರ ಮೇಲೆ ಅವಳ ಊಟ, ನಿದ್ದೆ ಎರಡೂ ನಿಂತಿವೆ. ಒಬ್ಬರು ಚಟಕ್ಕೆ ಅಂಟಿಕೊಂಡರೆ ಇನ್ನೊಬ್ಬರು ಅವರನ್ನು ಕಾಪಾಡುವುದಕ್ಕೇ ಅಂಟಿಕೊಳ್ಳುವ ಈ ಸ್ಥಿತಿಯನ್ನು ಕೋಡಿಪೆಂಡೆನ್ಸಿ, ಅಂದರೆ ಸಹಾವಲಂಬನೆ ಎನ್ನುತ್ತಾರೆ.

ಈ ವಿಚಾರ ಬೆಳೆದದ್ದು ಅಮೆರಿಕದ ಕುಡಿತ ಬಿಡಿಸುವ ಚಳವಳಿಯ ಮಗ್ಗುಲಲ್ಲಿ. ಒಹಾಯೊ ರಾಜ್ಯದ ಆಕ್ರನ್‌ನಲ್ಲಿ 1935ರಲ್ಲಿ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿತು. ಅದರ ಸ್ಥಾಪಕರಲ್ಲಿ ಒಬ್ಬನಾದ ಬಿಲ್ ವಿಲ್ಸನ್‌ನ ಹೆಂಡತಿ ಲೋಯಿಸ್, 1951ರಲ್ಲಿ ಕುಡುಕರ ಮನೆಯವರಿಗಾಗಿ ಆಲ್-ಅನಾನ್ ಕೂಟ ಕಟ್ಟಿದಳು. 1986ರಲ್ಲಿ ಮೆಲೊಡಿ ಬೀಟಿ ಬರೆದ ಪುಸ್ತಕ ಈ ಪದವನ್ನು ಅಲ್ಲಿಯ ಮನೆಮನೆಗೂ ಮುಟ್ಟಿಸಿತು. ಇದನ್ನೊಂದು ವ್ಯಕ್ತಿತ್ವ ದೋಷವೆಂದೇ ಗುರುತಿಸಬೇಕು ಎಂದು ಮನೋವೈದ್ಯ ಟಿಮನ್ ಸರ್ಮಾಕ್ ವಾದಿಸಿದ್ದೂ ಅದೇ ವರ್ಷ. ಆದರೆ ಅಮೆರಿಕದ ಮನೋವೈದ್ಯ ಸಂಘದ ಕೈಪಿಡಿಯಾಗಲಿ, ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಾಗಲಿ ಇಂದಿಗೂ ಅದನ್ನು ಸೇರಿಸಿಕೊಂಡಿಲ್ಲ.

ಸೇರಿಸದಿದ್ದದ್ದೇ ಒಳ್ಳೆಯದಾಯಿತು. ಕುಡುಕನನ್ನು ಕಟ್ಟಿಕೊಂಡವಳ ಮನಸ್ಸಿನಲ್ಲೇ ಏನೋ ಐಬಿರಬೇಕು, ಅದಕ್ಕೇ ಅಂಥವನನ್ನು ಆರಿಸಿಕೊಂಡಿದ್ದಾಳೆ ಎಂಬ ನಂಬಿಕೆ ಒಂದು ಕಾಲದಲ್ಲಿ ವೈದ್ಯರಲ್ಲೂ ಇತ್ತು. ಸಿಯಾಟಲ್‌ನಲ್ಲಿ ಇಂಥ ಹೆಂಡತಿಯರ ಮಾತಿಗೆ ಕಿವಿಗೊಟ್ಟ ಸಮಾಜಶಾಸ್ತ್ರಜ್ಞೆ ಜೋನ್ ಜಾಕ್ಸನ್ 1954ರಲ್ಲಿ ಬೇರೆಯದನ್ನೇ ಹೇಳಿದಳು. ಮೊದಲು ‘ಅಂಥದ್ದೇನಿಲ್ಲ’ ಎನ್ನುವುದು, ಆಮೇಲೆ ಮುಚ್ಚಿಡುವುದು, ಹತೋಟಿಗೆ ಹೆಣಗುವುದು, ಸೋತು ಕೂರುವುದು, ಮುಂದೆ ಸಂಸಾರದ ನೊಗವನ್ನು ತಾನೇ ಹೊರುವುದು. ಇಂಥವು ಸೇರಿ ಅವಳು ಗುರುತಿಸಿದ ಏಳು ಹಂತಗಳೂ ಎದುರಿಗಿರುವ ಆಪತ್ತಿಗೆ ಮನುಷ್ಯರು ಹೊಂದಿಕೊಳ್ಳುವ ಬಗೆಗಳು.

ನಮ್ಮಲ್ಲಂತೂ ಇದನ್ನು ಮರೆಯಬಾರದು. ಸ್ವಂತ ಸಂಪಾದನೆಯಿಲ್ಲದವಳು ‘ಜ್ವರ ಬಂದಿದೆ ಸಾರ್’ ಎಂದರೆ ಉಳಿಸಿಕೊಳ್ಳುತ್ತಿರುವುದು ತಿಂಗಳ ರೇಷನ್ನನ್ನು. ಅಪ್ಪ, ಅಮ್ಮ, ಮಗ, ಸೊಸೆ ಒಬ್ಬರಿಗೊಬ್ಬರು ಆತುಕೊಂಡೇ ಬದುಕುವ ಮನೆಗೆ, ತಾನೊಬ್ಬನೇ ನಿಲ್ಲುವುದನ್ನು ಆರೋಗ್ಯವೆಂದು ಬಗೆದವರು ಸಹಾವಲಂಬನೆ ಅಳೆಯಲು ಬರೆದ ಪ್ರಶ್ನಾವಳಿಯನ್ನು ಹಿಡಿದರೆ ಅರ್ಧ ಕರ್ನಾಟಕಕ್ಕೇ ಕಾಯಿಲೆ ಬಂದೀತು! ಆಧಾರವಾಗಿರುವುದು ತಪ್ಪಲ್ಲ. ನೋಡಬೇಕಾದ್ದು, ಆ ಆಧಾರದಿಂದ ಏನು ಬೆಳೆಯುತ್ತಿದೆ ಎಂಬುದನ್ನು. ನೆರವು ಕೊಟ್ಟಷ್ಟೂ ತೊಂದರೆ ಹೆಚ್ಚುತ್ತಿದೆಯೆ? ‘ಈ ಸಲ ಆಗಲ್ಲ’ ಎನ್ನಲು ಹೋದರೆ ತಪ್ಪು ಮಾಡಿದಂತೆ ಎದೆ ಹೊಡೆದುಕೊಳ್ಳುತ್ತದೆಯೆ? ‘ನಿಮಗೇನು ಇಷ್ಟ?’ ಎಂದು ಯಾರಾದರೂ ಕೇಳಿದರೆ ಉತ್ತರವೇ ಹೊಳೆಯುವುದಿಲ್ಲವೆ? ಹೌದಾದರೆ ಆಪ್ತಸಮಾಲೋಚಕರ ಬಳಿ ಹೋಗಲು ಅಷ್ಟು ಸಾಕು.

ಹೋದರೆ ಅಲ್ಲಿ ನಡೆಯುವುದೇನು? ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ರಾಬರ್ಟ್ ಮೈಯರ್ಸ್ ರೂಪಿಸಿದ ‘ಕ್ರಾಫ್ಟ್’ ಎಂಬ ವಿಧಾನವನ್ನೇ ನೋಡೋಣ. ಕುಡಿತದ ಸುಖ ಕೂಡಲೇ ಸಿಗುತ್ತದೆ, ಅದರ ಬೆಲೆ ತಡವಾಗಿ ಬರುತ್ತದೆ. ಆ ಬೆಲೆಯನ್ನೂ ಬೇರೆಯವರೇ ತೆತ್ತುಬಿಟ್ಟರೆ ಕುಡಿಯುವವನ ಮಿದುಳಿಗೆ ಕಲಿಯಲು ಏನೂ ಉಳಿಯುವುದಿಲ್ಲ. ಆದ್ದರಿಂದ ಸಮಾಲೋಚಕರು ಹೆಂಡತಿಯಿಂದ ಮೊದಲು ವಿವರ ಬರೆಸುತ್ತಾರೆ: ಯಾವ ದಿನ, ಯಾರ ಜೊತೆ, ಕುಡಿಯುವ ಮುಂಚೆ ಏನಾಗಿತ್ತು, ಕುಡಿದ ಮೇಲೆ ನೀವೇನು ಮಾಡಿದಿರಿ. ಬೈಗುಳ, ಅಳು, ಆಣೆ ಹಾಕಿಸುವುದು ಇವೆಲ್ಲ ಎಷ್ಟು ಸಲ ನಡೆದಿವೆ, ಏನೂ ಬದಲಾಗಿಲ್ಲ ಎನ್ನುವುದು ಆ ಹಾಳೆಯಲ್ಲೇ ಕಾಣುತ್ತದೆ. ಆಮೇಲೆ ಮಾತಿನ ತಾಲೀಮು. ‘ರೀ, ನೀವು ಕುಡೀದೆ ಬಂದ್ರೆ ಒಟ್ಟಿಗೆ ಕೂತು ಊಟ ಮಾಡೋಕೆ ನಂಗಿಷ್ಟ. ಕುಡಿದು ಬಂದ್ರೆ ನಾನು ಮಕ್ಕಳ ಜೊತೆ ಮಲಗ್ತೀನಿ’ ಎನ್ನುವ ಎರಡೇ ವಾಕ್ಯವನ್ನು ದನಿ ಏರಿಸದೆ ಹೇಳಲು ವಾರಗಟ್ಟಲೆ ಅಭ್ಯಾಸ ಬೇಕಾಗಬಹುದು. ಹೇಳುವುದು ಅವನು ಅಮಲಿನಲ್ಲಿಲ್ಲದಾಗ ಮಾತ್ರ. ಕಚೇರಿಗೆ ಫೋನ್ ಮಾಡುವ ಕೆಲಸ ಇನ್ನು ಅವನದು. ಬಿಟ್ಟುಹೋದ ಹೊಲಿಗೆಯೋ ಗೆಳತಿಯೋ ತವರಿನ ನಂಟೋ ಅವಳ ಬದುಕಿಗೆ ಮರಳುವುದು ಕೂಡ ಚಿಕಿತ್ಸೆಯ ಭಾಗವೇ. ಗಂಡ ಬದಲಾಗಲಿ, ಬಿಡಲಿ.

ವಿಚಿತ್ರವೆಂದರೆ ಅವನೂ ಬದಲಾಗುವುದುಂಟು. ಚಿಕಿತ್ಸೆಯೇ ಬೇಡವೆನ್ನುತ್ತಿದ್ದ ಕುಡುಕರ 130 ಮಂದಿ ಆಪ್ತರನ್ನು ಮೂರು ಗುಂಪು ಮಾಡಿ ನಡೆಸಿದ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಕ್ರಾಫ್ಟ್ ಕಲಿತವರ ಗುಂಪಿನಲ್ಲಿ ಶೇ 64ರಷ್ಟು ಕುಡುಕರು ಚಿಕಿತ್ಸೆಗೆ ಬಂದರು. ಮನೆಯವರೆಲ್ಲ ಸೇರಿ ಮುಖಕ್ಕೆ ಮುಖ ಕೊಟ್ಟು ಹೇಳುವ ವಿಧಾನದಲ್ಲಿ ಶೇ 30, ಆಲ್-ಅನಾನ್ ದಾರಿಯಲ್ಲಿ ಶೇ 13. ಈ ಕೊನೆಯ ಅಂಕಿ ನೋಡಿ ಆಲ್-ಅನಾನ್ ಅನ್ನು ಹಗುರ ಮಾಡುವುದು ನ್ಯಾಯವಲ್ಲ, ಮನೆಯವರಿಗೆ ನೆಮ್ಮದಿ ಕೊಡುವುದಷ್ಟೇ ಅದರ ಗುರಿ.

ಇದನ್ನು ಓದಿ ಇವತ್ತೇ ಶುರು ಮಾಡುವ ಮುಂಚೆ ಎರಡು ಎಚ್ಚರಿಕೆ. ಹೊಡೆಯುವ ಗಂಡನೆದುರು ಏಕಾಏಕಿ ‘ಆಗಲ್ಲ’ ಎನ್ನುವುದು ಅಪಾಯ. ಅಲ್ಲಿ ಮೊದಲ ಕೆಲಸ ಜೀವ ಉಳಿಸಿಕೊಳ್ಳುವ ಜಾಗ ಗೊತ್ತು ಮಾಡಿಕೊಳ್ಳುವುದು, ಮಹಿಳಾ ಸಹಾಯವಾಣಿ 181 ಇರುವುದೇ ಅದಕ್ಕೆ. ಎರಡನೆಯದು, ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವರು ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಸನ್ನಿ ಹಿಡಿಯಬಹುದು, ಪ್ರಾಣಕ್ಕೂ ಕುತ್ತಾಗಬಹುದು. ಸಿಟ್ಟಿನಲ್ಲಿ ಬಾಟಲಿ ಮೋರಿಗೆ ಸುರಿಯುವ ಮುನ್ನ ವೈದ್ಯರನ್ನು ಕಾಣಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ಅಷ್ಟು ದೂರ ಹೋಗಲಾಗದವರಿಗೆ 14416ರ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡುವವರು ಸಿಗುತ್ತಾರೆ. ಫೋನ್ ಮಾಡುವವರು ಕುಡಿಯುವವರೇ ಆಗಿರಬೇಕೆಂದಿಲ್ಲ.