ಕುಳುಕುಳು ನಿಂತು ಲೊಡಲೊಡ ಅನ್ನುವವರೆಗೆ

ನೊಣವಿನಕೆರೆ ಕಡೆಯ ನಮ್ಮ ತಾತನ ಮನೆಯಲ್ಲಿ ಮಕ್ಕಳು ಅಟ್ಟ ಹತ್ತಲು ಅಪ್ಪಣೆ ಸಿಗುತ್ತಿದ್ದದ್ದು ಒಂದೇ ಕೆಲಸಕ್ಕೆ, ಕಾಯಿ ಅಲ್ಲಾಡಿಸಿ ನೋಡುವುದಕ್ಕೆ. ಮಟ್ಟೆ ಸುಲಿಯದ ಬಲಿತ ಕಾಯಿಗಳನ್ನು ಸೂರಿನವರೆಗೆ ಒಟ್ಟಿರುತ್ತಿದ್ದರು. ಕೆಳಗಿನ ಒಲೆಯ ಹೊಗೆ ಹಲಗೆಗಳ ಸಂದಿಯಿಂದ ಮೇಲೇರಿ ಆ ರಾಶಿಯೊಳಗೆ ಸುಳಿದು ಹೆಂಚಿನ ಎಡೆಯಲ್ಲಿ ಹೊರಗೆ ಹೋಗುತ್ತಿತ್ತು. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಮೊದಮೊದಲು ಕುಳುಕುಳು ಅನ್ನುತ್ತಿತ್ತು. ಕೆಲವು ತಿಂಗಳು ಕಳೆದ ಮೇಲೆ ಅದೇ ಕಾಯಿ ಮೂಕ: ನೀರು ಮುಗಿದಿದೆ, ತಿರುಳು ಇನ್ನೂ ಚಿಪ್ಪು ಬಿಟ್ಟಿಲ್ಲ. ಆಮೇಲೆ ಯಾವತ್ತೋ ಒಂದು ದಿನ ಒಳಗೆ ಗಟ್ಟಿ ಉಂಡೆಯೊಂದು ಉರುಳಿ ಲೊಡಲೊಡ ಸದ್ದು. "ಇಳಿಸ್ರಪ್ಪ ಇನ್ನ" ಅನ್ನುತ್ತಿದ್ದರು ತಾತ. ಕಾಯಿ ಅಟ್ಟಕ್ಕೇರಿ ಅಷ್ಟೊತ್ತಿಗೆ ಹತ್ತು ಹನ್ನೊಂದು ತಿಂಗಳು ಆಗಿರುತ್ತಿತ್ತು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಉಂಡೆ ಕೊಬ್ಬರಿ ಹುಟ್ಟುವುದು ಹೀಗೆ. ಈ ಕೊಬ್ಬರಿಯ ಬಗ್ಗೆ ನಾವು ಬೆಲೆಯ ಮಾತು ಆಡುತ್ತೇವೆ, ಹರಾಜಿನ ಮಾತು ಆಡುತ್ತೇವೆ, ನುಸಿ ಪೀಡೆಯ ಮಾತು ಆಡುತ್ತೇವೆ. ಅಟ್ಟದ ಮೇಲೆ ವರ್ಷವಿಡೀ ಸದ್ದಿಲ್ಲದೆ ನಡೆಯುವ ಆವಿಯ ಕೆಲಸದ ಬಗ್ಗೆ ಆಡುವುದು ಕಡಿಮೆ. ಈ ಸೀಮೆಯ ನಿಜವಾದ ಬಂಡವಾಳ ಇಲ್ಲಿನ ಒಣ ಗಾಳಿ ಎಂದು ನನಗೆ ಅನ್ನಿಸತೊಡಗಿ ಬಹಳ ಕಾಲವಾಯಿತು. ಕೆರೆಯನ್ನು ಬತ್ತಿಸುವುದೂ ಇದೇ ಗಾಳಿ, ಕೊಬ್ಬರಿಯನ್ನು ಮಾಗಿಸುವುದೂ ಇದೇ ಗಾಳಿ.

ಹಸಿ ಕಾಯಿಯ ತಿರುಳಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೀರು. ಕೆಡದೆ ಉಳಿಯುವ ಕೊಬ್ಬರಿಯಲ್ಲಿ ಅದು ಶೇ 7ಕ್ಕಿಂತ ಹೆಚ್ಚಿರಬಾರದು. ಒಂದು ಉಂಡೆ ಸುಮಾರು 130 ಗ್ರಾಂ ತೂಗುತ್ತದೆ ಎಂದುಕೊಂಡರೆ ಅದರ ತಿರುಳಿನಿಂದ 100 ಗ್ರಾಂನಷ್ಟು ನೀರು ಹೋಗಿರಬೇಕು. ಒಳಗಿನ ಕಾಯಿನೀರು ಹೆಚ್ಚುಕಡಿಮೆ ಇನ್ನೊಂದು 100 ಗ್ರಾಂ. ಮಟ್ಟೆಯ ಹಸಿಯನ್ನು ಲೆಕ್ಕಕ್ಕೇ ಹಿಡಿಯುವುದು ಬೇಡ. ಹತ್ತು ಸಾವಿರ ಕಾಯಿ ಇರುವ ಅಟ್ಟದಿಂದ ಒಂದು ವರ್ಷದಲ್ಲಿ 2,000 ಲೀಟರ್ ನೀರು ಯಾರ ಕಣ್ಣಿಗೂ ಬೀಳದೆ ಹೆಂಚಿನ ಸಂದಿಯಲ್ಲಿ ಹೊರಟುಹೋಗುತ್ತದೆ.

ನೀರು ಬಿಟ್ಟಿಯಾಗಿ ಆವಿಯಾಗುವುದಿಲ್ಲ. ಒಂದು ಲೀಟರ್ ನೀರನ್ನು ಬೇಸಿಗೆಯ ಬಿಸಿಯಿಂದ ಕುದಿಯುವ ಹಂತಕ್ಕೆ ತರಲು ಬೇಕಾದ ಶಾಖದ ಸುಮಾರು ಎಂಟು ಪಟ್ಟು ಶಾಖ, ಅದೇ ನೀರನ್ನು ಕುದಿಸದೆ ಆವಿ ಮಾಡುವುದಕ್ಕೆ ಬೇಕು. ಅಟ್ಟದ ಆ 2,000 ಲೀಟರ್‌ಗೆ ಲೆಕ್ಕ ಹಾಕಿದರೆ 1,300 ಯೂನಿಟ್ ವಿದ್ಯುತ್ತಿಗೂ ಮೀರಿದ ಶಕ್ತಿ. ಸೌದೆ ಒಲೆಯ ಡ್ರೈಯರ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಶಾಖ ಸೋರಿಹೋಗುವುದರಿಂದ ಹೆಚ್ಚುಕಡಿಮೆ ಒಂದು ಟನ್ ಸೌದೆ ಉರಿಸಬೇಕಾಗುತ್ತಿತ್ತು. ನಮ್ಮ ರೈತನ ಮನೆಯಲ್ಲಿ ಅದಕ್ಕೆ ಬಿಲ್ಲು ಬರುವುದಿಲ್ಲ. ಹೆಂಚಿಗೆ ಬಿದ್ದ ಬಿಸಿಲು, ಗೋಡೆಯ ಬಿಸಿ, ಒಲೆಯ ಹೊಗೆ, ಎಲ್ಲಕ್ಕಿಂತ ಹೆಚ್ಚಾಗಿ ಹೊರಗಿನ ಗಾಳಿ ಆ ಲೆಕ್ಕವನ್ನು ತೀರಿಸುತ್ತವೆ.

ಗಾಳಿ ಎಷ್ಟು ನೀರು ಕುಡಿಯಬಲ್ಲದು ಎಂಬುದಕ್ಕೂ ಅಳತೆ ಇದೆ. ನೀರಿನ ಮೇಲ್ಮೈಯ ಆವಿಯ ಒತ್ತಡಕ್ಕೂ ಗಾಳಿಯಲ್ಲಿ ಆಗಲೇ ಇರುವ ಆವಿಯ ಒತ್ತಡಕ್ಕೂ ಎಷ್ಟು ಅಂತರವಿದೆಯೋ ಅಷ್ಟು ವೇಗವಾಗಿ ನೀರು ಆರುತ್ತದೆ ಎಂದು ಇಂಗ್ಲೆಂಡಿನ ಜಾನ್ ಡಾಲ್ಟನ್ 1802ರಲ್ಲೇ ಬರೆದಿಟ್ಟ. ಮಾರ್ಚ್ ತಿಂಗಳ ಮಧ್ಯಾಹ್ನ, 35 ಡಿಗ್ರಿ ಬಿಸಿಲು, ತೇವಾಂಶ ಶೇ 25 ಎಂದಿಟ್ಟುಕೊಳ್ಳಿ. ಆಗ ನಮ್ಮ ಬಯಲಿನ ಒಂದು ಘನ ಮೀಟರ್ ಗಾಳಿ ಇನ್ನೂ 30 ಗ್ರಾಂನಷ್ಟು ನೀರನ್ನು ಹೀರಿಕೊಳ್ಳಬಲ್ಲದು. ಅದೇ ಹೊತ್ತಿಗೆ ಕರಾವಳಿಯಲ್ಲಿ 32 ಡಿಗ್ರಿ, ತೇವಾಂಶ ಶೇ 70 ಇದ್ದರೆ ಅಲ್ಲಿನ ಗಾಳಿಗೆ ಉಳಿದಿರುವ ಜಾಗ 10 ಗ್ರಾಂನಷ್ಟೇ. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಮೇಲಿರುವ ನಮ್ಮ ಮೈದಾನದ ಗಾಳಿಗೆ ಮೂರು ಪಟ್ಟು ಬಾಯಾರಿಕೆ. ಕರಾವಳಿಯವರು ಕಾಯಿ ಒಡೆದು, ಹೋಳನ್ನು ಬಿಸಿಲಿಗೆ ಹರವಿ ವಾರದಲ್ಲಿ ಎಣ್ಣೆ ಕೊಬ್ಬರಿ ಮಾಡಿಕೊಳ್ಳುವುದರ ಹಿಂದೆ ಈ ಲೆಕ್ಕವೂ ಇದೆ. ಇಡೀ ಕಾಯಿಯನ್ನು ವರ್ಷವಿಡೀ ಇಟ್ಟು ಒಣಗಿಸುವ ಸೈರಣೆಗೆ ಒಣ ಹವೆ ಒತ್ತಾಸೆಯಾಗಿ ನಿಲ್ಲಬೇಕು.

ಗಾಳಿಗೆ ಇಷ್ಟು ಬಾಯಾರಿಕೆ ಇದ್ದರೂ ಕಾಯಿ ಒಣಗಲು ವರ್ಷವೇಕೆ ಬೇಕು? ಮಟ್ಟೆ ಮತ್ತು ಚಿಪ್ಪು ಅದನ್ನು ತಡೆಯುತ್ತವೆ, ಆ ತಡೆಯಿಂದಲೇ ಕೊಬ್ಬರಿ ಉಂಡೆಯಾಗುತ್ತದೆ. ತಿರುಳನ್ನು ಒಮ್ಮೆಲೇ ಬಿಸಿಗೆ ಹಿಡಿದರೆ ಹೊರಮೈ ಮೊದಲು ಒಣಗಿ ಗಟ್ಟಿಯಾಗುತ್ತದೆ, ಒಳಗಿನ ಹಸಿ ಹೊರಬರಲು ದಾರಿಯಿಲ್ಲದೆ ಸಿಕ್ಕಿಕೊಳ್ಳುತ್ತದೆ, ಕೊಬ್ಬರಿ ಬಿರಿಯುತ್ತದೆ. ಅಟ್ಟದಲ್ಲಿ ನೀರು ಹನಿಹನಿಯಾಗಿ ಚಿಪ್ಪಿನ ಕಣ್ಣುಗಳ ಮೂಲಕ, ನಾರಿನ ಮೂಲಕ ಹೊರಬೀಳುವುದರಿಂದ ತಿರುಳು ಸುತ್ತಲೂ ಒಂದೇ ಸಮನಾಗಿ ಕುಗ್ಗಿ, ಚಿಪ್ಪಿನಿಂದ ತಾನಾಗಿ ಬಿಡಿಸಿಕೊಂಡು ದುಂಡಗೆ ಉಳಿಯುತ್ತದೆ. ಚಿಪ್ಪು ಬಿರುಕು ಬಿಡದಿದ್ದರೆ ಬೂಸ್ಟಿಗೂ ಪ್ರವೇಶವಿಲ್ಲ. ದಿಲ್ಲಿ, ರಾಜಸ್ಥಾನ, ಉತ್ತರ ಪ್ರದೇಶದ ಪೂಜೆಗೂ ಮದುವೆಗೂ ಬೇಕಾದದ್ದು ಆ ಒಡೆಯದ ದುಂಡು. ಆಳುಗಳು ಮಟ್ಟೆ ಸುಲಿದ ಮೇಲೆ ಹೆಂಗಸರು ಕೂತು ಚಿಪ್ಪು ಒಡೆದು ಉಂಡೆಗೆ ಏಟು ತಾಗದಂತೆ ಬಿಡಿಸುವುದನ್ನು ನೋಡಿದವರಿಗೆ ಅದೆಂಥ ನಯದ ಕೈಕೆಲಸ ಎಂದು ಗೊತ್ತು. ಅವರ ಕೂಲಿಯ ಮಾತು ಕೊಬ್ಬರಿ ದರದ ಸುದ್ದಿಯಲ್ಲಿ ಎಂದೂ ಬರುವುದಿಲ್ಲ. ನನಗೆ ಇದು ಬಹಳ ನೋವಿನ ಸಂಗತಿ.

ಆವಿಗೂ ದುಡ್ಡಿಗೂ ಜಗಳ ಶುರುವಾಗುವುದು ತಕ್ಕಡಿಯ ಮುಂದೆ. ತಿಪಟೂರಿನ ಎಪಿಎಂಸಿ ಪ್ರಾಂಗಣಕ್ಕೆ ಚೀಲ ತಂದ ರೈತನಿಗೆ ಹೋದ ಪ್ರತಿ ಹನಿಯೂ ತೂಕದ ನಷ್ಟ. ಶೇ 10ರ ಹಸಿಯಲ್ಲಿ ಮಾರಿದ ಒಂದು ಕ್ವಿಂಟಲ್, ಶೇ 7ಕ್ಕೆ ಇಳಿಯುವ ಹೊತ್ತಿಗೆ 97 ಕೆ.ಜಿ.ಗಿಂತ ಕಡಿಮೆ ತೂಗುತ್ತದೆ. ಒಣಗಿಸಿದವನೇ ಸೋಲುವುದೇ ಎಂದು ಅನ್ನಿಸುವುದು ಸಹಜ. ಆದರೆ ಹಸಿ ಉಳಿದ ಕೊಬ್ಬರಿ ಗೋದಾಮಿನಲ್ಲಿ ಬೂಸ್ಟು ಹಿಡಿಯುತ್ತದೆ, ಕೌಟು ವಾಸನೆ ಬರುತ್ತದೆ. ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುವ ಶಿಲೀಂಧ್ರವೂ ಅಲ್ಲಿಯೇ ಬೆಳೆಯುವುದು. ಹಳೆಯ ಮಂಡಿ ವರ್ತಕರು ಕೊಬ್ಬರಿ ಮುರಿದು, ಉಗುರು ಒತ್ತಿ, ಮೂಸಿ ನೋಡಿ ಹೇಳುತ್ತಿದ್ದದ್ದನ್ನು ಈಗ ತೇವಾಂಶದ ಮೀಟರ್ ಹೇಳುತ್ತದೆ.

2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆ ದರ ಅದಕ್ಕಿಂತ ಬಹಳ ಕೆಳಗೆ ಬಿದ್ದಿತ್ತು. 2024ಕ್ಕೆ ಬೆಂಬಲ ಬೆಲೆ 12,000 ಆಯಿತು. 2025ರಲ್ಲಿ ಮಾರುಕಟ್ಟೆಯೇ 20,000 ದಾಟಿ ಓಡಿತು. ದರ ಬಿದ್ದ ವರ್ಷ ಅಟ್ಟ ತುಂಬಿ ತುಳುಕುತ್ತದೆ, ಏರಿದ ವರ್ಷ ಅಟ್ಟ ಖಾಲಿ. ಎಳನೀರಿಗೇ ಕೈತುಂಬ ಕಾಸು ಸಿಗುವಾಗ ಇನ್ನೂ ವರ್ಷಕ್ಕೂ ಹೆಚ್ಚು ಕಾಲ ಕಾಯುವವರು ಯಾರು? ಕಾಯುವ ರೈತನ ಕೈಯಲ್ಲಿ ಅಷ್ಟು ದಿನ ಮನೆ ನಡೆಸಲು ದುಡ್ಡು ಇರಬೇಕು. ಸಾಲ ಕೊಟ್ಟವರು ಬಾಗಿಲಲ್ಲಿ ನಿಂತಿರುವವನಿಗೆ ಲೊಡಲೊಡ ಸದ್ದು ಕೇಳುವವರೆಗೆ ತಡೆಯಲಾಗುವುದಿಲ್ಲ.

ತಿಪಟೂರು ಸುತ್ತಲಿನ ಕೊಬ್ಬರಿ ಪುಡಿ ಕಾರ್ಖಾನೆಗಳು ಅಟ್ಟದ ಒಂದು ವರ್ಷದ ಕೆಲಸವನ್ನು ಒಂದು ಗಂಟೆಯೊಳಗೆ ಮುಗಿಸುತ್ತವೆ. ಹಸಿ ಕಾಯಿಯ ಕಂದು ಸಿಪ್ಪೆ ಹೆರೆದು, ತೊಳೆದು, ತುರಿದು ಬಿಸಿಗಾಳಿಯ ಡ್ರೈಯರ್‌ಗೆ ಬಿಟ್ಟರೆ ತೇವಾಂಶ ಶೇ 3ಕ್ಕೆ ಇಳಿಯುತ್ತದೆ. ತುರಿ ಸಣ್ಣದಾದ್ದರಿಂದ ಗಾಳಿ ತಾಗುವ ಮೈ ಹಲವು ಪಟ್ಟು, ನೀರು ಹಾಯಬೇಕಾದ ದಾರಿ ಕೂದಲೆಳೆಯಷ್ಟು. ಅಟ್ಟ ಕಾಲವನ್ನು ಖರ್ಚು ಮಾಡಿದರೆ ಕಾರ್ಖಾನೆ ಬೆಂಕಿಯನ್ನು ಖರ್ಚು ಮಾಡುತ್ತದೆ.

ಈಗ ಗಾಳಿಯ ಇನ್ನೊಂದು ಮುಖಕ್ಕೆ ಬರುತ್ತೇನೆ. ಈ ತಾಲ್ಲೂಕುಗಳಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600ರಿಂದ 700 ಮಿ.ಮೀ. ತೆರೆದ ನೀರಿನಿಂದ ಗಾಳಿ ಹೀರಿಕೊಳ್ಳುವುದು 1,500 ಮಿ.ಮೀ.ಗೂ ಹೆಚ್ಚು. ಆಕಾಶ ಕೊಡುವುದರ ಎರಡು ಪಟ್ಟಿಗೂ ಮಿಕ್ಕಿ ಅದು ಕೇಳುತ್ತದೆ. 100 ಹೆಕ್ಟೇರಿನ ಕೆರೆಯೊಂದು ವರ್ಷವಿಡೀ ತುಂಬಿದ್ದರೆ ಅದರಿಂದ ಆವಿಯಾಗಿ ಹೋಗುವ ನೀರು 15 ಲಕ್ಷ ಘನ ಮೀಟರ್. ಹೇಮಾವತಿ ನಾಲೆಯಿಂದ ನಮ್ಮ ಕೆರೆಗೂ ಹರಿಸಿ ಎಂದು ಊರೂರು ಕೂಗುವಾಗ, ಹರಿದು ಬಂದ ನೀರಿನಲ್ಲಿ ಗಾಳಿಯ ಪಾಲೆಷ್ಟು ಎಂದು ಯಾರೂ ಕೇಳುವುದಿಲ್ಲ. ಹೂಳು ತುಂಬಿ ತಟ್ಟೆಯಂತಾದ ಕೆರೆಯಲ್ಲಿ ಅಷ್ಟೇ ನೀರು ಹೆಚ್ಚು ಅಗಲಕ್ಕೆ ಹರಡಿಕೊಂಡು ಬೇಗ ಆರುತ್ತದೆ. ಹೂಳು ತೆಗೆದು ಆಳ ಮಾಡುವುದಕ್ಕೆ ಇದಕ್ಕಿಂತ ಬೇರೆ ಸಮರ್ಥನೆ ಬೇಕಾಗಿಲ್ಲ.

ತೋಟದಲ್ಲಿ ನೀರು ಎರಡು ದಾರಿ ಹಿಡಿದು ಹೋಗುತ್ತದೆ, ಮಣ್ಣಿನ ಮೈಯಿಂದ ಒಂದು ಪಾಲು, ಗರಿಯಿಂದ ಇನ್ನೊಂದು. ಗರಿಯಡಿಯ ಸೂಕ್ಷ್ಮ ಬಾಯಿಗಳಿಂದ ಹೋಗುವ ನೀರನ್ನು ನಿಲ್ಲಿಸಿದರೆ ಮರದ ಊಟವೇ ನಿಲ್ಲುತ್ತದೆ, ಇಂಗಾಲದ ಡೈಆಕ್ಸೈಡ್ ಒಳಗೆ ಬರುವುದೂ ಅದೇ ಬಾಗಿಲಿನಿಂದ. ಬೇಸಿಗೆಯಲ್ಲಿ ಮರ ತಾನೇ ಆ ಬಾಗಿಲನ್ನು ಅರ್ಧ ಮುಚ್ಚಿಕೊಂಡು ಬದುಕುತ್ತದೆ. ನಾವು ತಡೆಯಬಹುದಾದದ್ದು ಮಣ್ಣಿನಿಂದ ವ್ಯರ್ಥವಾಗುವ ನೀರನ್ನು. ಬೇಸಿಗೆಯಲ್ಲಿ ಪಾತಿಗೆ ನಾಲ್ಕು ದಿನಕ್ಕೊಮ್ಮೆ 200 ಲೀಟರ್ ಕೊಡಿ ಎನ್ನುತ್ತದೆ ಕೃಷಿ ಶಾಸ್ತ್ರ. ಬರಿ ಪಾತಿಗೆ ಮಟಮಟ ಮಧ್ಯಾಹ್ನ, ಕರೆಂಟು ಬಂದಾಗ ಹಾಯಿಸಿದರೆ ಅದರಲ್ಲಿ ಬೇರಿಗೆ ಎಷ್ಟು, ಬಿಸಿಲಿಗೆ ಎಷ್ಟು? ಪಾತಾಳದಿಂದ ಬೋರ್‌ವೆಲ್ ಎತ್ತಿ ತಂದ ನೀರು ಸಂಜೆಯೊಳಗೆ ಆಕಾಶ ಸೇರುವುದನ್ನು ಕಂಡರೆ ನನ್ನ ಹೊಟ್ಟೆ ಉರಿಯುತ್ತದೆ.

ಇದಕ್ಕೆ ಮದ್ದು ತೋಟದಲ್ಲಿಯೇ ಬಿದ್ದಿದೆ. ಆಗ ದಕ್ಷಿಣ ಕನ್ನಡಕ್ಕೆ ಸೇರಿದ್ದ ಕಾಸರಗೋಡಿನಲ್ಲಿ 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರ ಶುರುವಾಯಿತು. ಈಗ ಅದು ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ, ಸಿಪಿಸಿಆರ್‌ಐ. ಅಲ್ಲಿಯವರು ದಶಕಗಳಿಂದ ಹೇಳುತ್ತ ಬಂದದ್ದು ಮಟ್ಟೆಯ ಮಾತು. ಮರದ ಸುತ್ತ ಮಟ್ಟೆ ಹಾಸುವಾಗ ಉಬ್ಬು ಮೇಲಿರಲಿ, ನೆಲಕ್ಕೆ ಅದೇ ಚಾವಣಿ. ಗುಂಡಿ ತೋಡಿ ಹೂಳುವಾಗ ಬಟ್ಟಲಿನಂತೆ ಒಳಮೈ ಮೇಲಿರಲಿ, ನೀರು ಹಿಡಿಯುತ್ತದೆ. ಮಟ್ಟೆ ತನ್ನ ತೂಕದ ಮೂರರಿಂದ ಐದು ಪಟ್ಟು ನೀರನ್ನು ಇಟ್ಟುಕೊಳ್ಳುತ್ತದೆ, ಒಮ್ಮೆ ಹೂತರೆ ಐದಾರು ವರ್ಷ ಕೆಲಸ ಮಾಡುತ್ತದೆ. ನಾರಿನ ಕಾರ್ಖಾನೆಗಳ ಪಕ್ಕ ಗುಡ್ಡೆ ಬಿದ್ದ ತೆಂಗಿನ ನಾರಿನ ಪುಡಿಗೆ ಮಟ್ಟೆಗಿಂತಲೂ ಹೆಚ್ಚು ನೀರು ಹಿಡಿಯುವ ಶಕ್ತಿಯಿದೆ. ಹಾಗಿದ್ದೂ ನಮ್ಮ ಕಡೆ ಗರಿಗೆ ಬೆಂಕಿ ಬೀಳುತ್ತದೆ, ಮಟ್ಟೆ ಲಾರಿ ಏರುತ್ತದೆ, ಪಾತಿ ಬೋಳಾಗಿ ಉಳಿಯುತ್ತದೆ. ತೋಟ 'ಚೊಕ್ಕಟ'ವಾಗಿ ಕಾಣಬೇಕು ಎಂಬ ಹಟ ಬೇರೆ. ಆ ಚೊಕ್ಕಟತನ ತೆಂಗಿಗೆ ಬೇಕಾಗಿಲ್ಲ.

ಹೀಗೆ ಹಾಳಾದ ನೀರಿನ ಲೆಕ್ಕವನ್ನು ಮರ ತಡವಾಗಿ ಒಪ್ಪಿಸುತ್ತದೆ. ತೆಂಗಿನ ಹೊಂಬಾಳೆ ಗರಿಯ ಕಂಕುಳಲ್ಲಿ ಕಣ್ಣಿಗೆ ಕಾಣದ ಮೊಳಕೆಯಾಗಿ ಮೂಡಿ, ಬಿಚ್ಚಿ, ಕಾಯಿ ಬಲಿಯುವವರೆಗೆ 44 ತಿಂಗಳ ಆಸುಪಾಸು ಬೇಕು. ಅದರ ಮೇಲೆ ಅಟ್ಟದ ಒಂದು ವರ್ಷ. ಈ ಬೇಸಿಗೆ ಪಾತಿಯಿಂದ ಹಾರಿಹೋದ ನೀರಿನ ಬೆಲೆ ಕೊಬ್ಬರಿಯ ಲೆಕ್ಕಕ್ಕೆ ಪೂರ್ತಿ ಬಂದು ಸೇರುವುದಕ್ಕೆ ನಾಲ್ಕೈದು ವರ್ಷ ಹಿಡಿಯಬಹುದು. ಬರ ಮುಗಿದು ಮಳೆ ಬಂದ ವರ್ಷವೂ ಕಾಯಿ ಏಕೆ ಕಡಿಮೆ ಎಂದು ಕೇಳುವ ರೈತನಿಗೆ ಉತ್ತರ ಇಲ್ಲಿದೆ.

ಹೋದ ವರ್ಷ ಊರಿಗೆ ಹೋದಾಗ ಅಟ್ಟದ ಕೆಲಸ ಈಗ ನೋಡಿಕೊಳ್ಳುವ ಚಿಕ್ಕಪ್ಪ ಕಾಯಿಗಳನ್ನು ಎರಡು ರಾಶಿ ಮಾಡಿದ್ದರು. ಬಾವಿಯ ಹತ್ತಿರದ, ಬುಡಕ್ಕೆ ಗರಿ ಮಟ್ಟೆ ಹಾಸಿದ ಸಾಲಿನವು ಒಂದು ಕಡೆ, ದಿಣ್ಣೆಯ ಮೇಲಿನ ಬೋಳು ಪಾತಿಯವು ಇನ್ನೊಂದು ಕಡೆ. ದಿಣ್ಣೆಯವು ಮುಷ್ಟಿಗಿಂತ ಕೊಂಚ ದೊಡ್ಡವು, ಆಗಲೇ ಲೊಡಲೊಡ ಅನ್ನುತ್ತಿದ್ದವು. ಬಾವಿಯ ಸಾಲಿನ ಕಾಯೊಂದನ್ನು ಎತ್ತಿ ಕಿವಿಗೆ ಹಿಡಿದೆ. ಕುಳುಕುಳು. "ಅದು ದೀಪಾವಳಿ ಮೇಲೆ ಕಣಪ್ಪ, ಇಟ್ಬಿಡು" ಅಂದರು ಚಿಕ್ಕಪ್ಪ, ಮತ್ತೆ ಕೆಳಗಿಳಿದು ದಿಣ್ಣೆಗೆ ಮಟ್ಟೆ ಸಾಗಿಸಲು ಗಾಡಿ ಹೂಡಿದರು.