ಆ ‘ಟೆನ್ಶನ್’ ಬೇರೆ, ಈ ‘ಟೆನ್ಸಿನ್’ ಬೇರೆ

ವಿಜಯಪುರ, ಬಾಗಲಕೋಟೆ, ಗದಗ ಕಡೆಯಿಂದ ಬಂದು ಗೋವೆಯ ವಾಸ್ಕೋ, ಝುವಾರಿನಗರ, ಮಾಪ್ಸಾಗಳಲ್ಲಿ ನೆಲೆಸಿದ ನಮ್ಮವರ ಮನೆಯಲ್ಲಿ ಔಷಧದ ಡಬ್ಬಿ ತೆರೆದರೆ ಟೆಲ್ಮಿಸಾರ್ಟಾನ್ ಅಥವಾ ಲೊಸಾರ್ಟಾನ್ ಗುಳಿಗೆ ಸಿಗುವುದು ಈಗ ಅಪರೂಪವಲ್ಲ. ಎರಡೂ ತಡೆಯುವುದು ಆಂಜಿಯೋಟೆನ್ಸಿನ್ ಎಂಬ ಹಾರ್ಮೋನಿನ ಕೆಲಸವನ್ನು. ಗುಳಿಗೆಯ ಹೆಸರು ಬಾಯಿಪಾಠವಿದ್ದವರಿಗೂ ಆ ಹಾರ್ಮೋನಿನ ಗುರುತಿಲ್ಲ. ತಪ್ಪು ತಿಳಿವಳಿಕೆ ಬೆಳೆಯುವುದು ಅಲ್ಲಿಯೇ.

ತಪ್ಪು ಕಲ್ಪನೆ: ಟೆನ್ಶನ್ ಮಾಡಿಕೊಳ್ಳುವವರಿಗೆ ಬಿಪಿ ಬರುತ್ತದೆ.

ವಾಸ್ತವ: ಚಿಂತೆಯಿಂದ ಬಿಪಿ ಏರುವುದುಂಟು. ಆದರೆ ಶಾಂತ ಸ್ವಭಾವದವರಿಗೂ, ತಲೆಸುತ್ತಿನಂಥ ಲಕ್ಷಣ ಒಂದೂ ಇಲ್ಲದವರಿಗೂ ವರ್ಷಗಟ್ಟಲೆ ಬಿಪಿ ಇರಬಹುದು. ಹಾರ್ಮೋನಿನ ಹೆಸರಿನಲ್ಲಿರುವ ‘ಟೆನ್ಸಿನ್’ ರಕ್ತದ ಒತ್ತಡಕ್ಕೆ ಸೇರಿದ್ದು, ಮನಸ್ಸಿಗಲ್ಲ. ಅರ್ಜೆಂಟೀನಾದ ಬ್ರೌನ್-ಮೆನೆಂಡೆಸ್ ತಂಡ ಅದನ್ನು ‘ಹೈಪರ್ಟೆನ್ಸಿನ್’ ಎಂದು ಕರೆದಿತ್ತು, ಅಮೆರಿಕದ ಅರ್ವಿನ್ ಪೇಜ್ ತಂಡ ‘ಆಂಜಿಯೋಟೋನಿನ್’ ಎಂದಿತ್ತು. 1958ರಲ್ಲಿ ಎರಡನ್ನೂ ಕೂಡಿಸಿ ಈಗಿನ ಹೆಸರಿಟ್ಟರು.

ತಪ್ಪು ಕಲ್ಪನೆ: ಬಿಪಿ ಎಂದರೆ ಹೃದಯದ ವಿಷಯ.

ವಾಸ್ತವ: ಹೃದಯದ್ದಷ್ಟೇ ಅಲ್ಲ. ಒತ್ತಡ ಏರಿಸುವ ಆಂಜಿಯೋಟೆನ್ಸಿನ್‌ಗೆ ಯಕೃತ್ತು ಕಚ್ಚಾವಸ್ತು ಕೊಡುತ್ತದೆ. ಮೂತ್ರಪಿಂಡ ಬಿಡುವ ರೆನಿನ್ ಎಂಬ ಕಿಣ್ವ ಅದನ್ನು ಕತ್ತರಿಸುತ್ತದೆ. ಮುಖ್ಯವಾಗಿ ಶ್ವಾಸಕೋಶದ ರಕ್ತನಾಳಗಳಲ್ಲಿರುವ ಎಸಿಇ ಎಂಬ ಕಿಣ್ವ ಮತ್ತೊಮ್ಮೆ ಕತ್ತರಿಸಿದಾಗ 8 ಅಮೈನೋ ಆಮ್ಲಗಳ ಆಂಜಿಯೋಟೆನ್ಸಿನ್-2, ಅಂದರೆ ಕೆಲಸ ಮಾಡುವ ಆಂಜಿಯೋಟೆನ್ಸಿನ್, ಸಿದ್ಧ.

ತಪ್ಪು ಕಲ್ಪನೆ: ಇದೊಂದು ಕೆಟ್ಟ ಹಾರ್ಮೋನು.

ವಾಸ್ತವ: ಏಪ್ರಿಲ್ ಬಿಸಿಲಿನಲ್ಲಿ ಸ್ಲ್ಯಾಬಿನ ಮೇಲೆ ನಿಂತ ಗೌಂಡಿಯನ್ನು ನೋಡಿ. ಬೆನ್ನಿನ ಮೇಲೆ ಅಂಗಿ ಒಣಗಿದಲ್ಲಿ ಉಪ್ಪಿನ ಬಿಳಿ ಗೆರೆ ಮೂಡಿದೆ. ಮೈಯಿಂದ ನೀರೂ ಉಪ್ಪೂ ಹೋದದ್ದನ್ನು ಮೂತ್ರಪಿಂಡ ಗುರುತಿಸಿ ರೆನಿನ್ ಬಿಡುತ್ತದೆ. ಹುಟ್ಟಿದ ಆಂಜಿಯೋಟೆನ್ಸಿನ್ ರಕ್ತನಾಳಗಳನ್ನು ಬಿಗಿಮಾಡಿ ಒತ್ತಡ ಕುಸಿಯದಂತೆ ನೋಡಿಕೊಳ್ಳುತ್ತದೆ. ಅಡ್ರಿನಲ್ ಗ್ರಂಥಿಯಿಂದ ಆಲ್ಡೋಸ್ಟೆರಾನ್ ಎಂಬ ಇನ್ನೊಂದು ಹಾರ್ಮೋನನ್ನು ಹೊರಡಿಸಿ, ಮೂತ್ರದಲ್ಲಿ ಹೋಗಬೇಕಾದ ಉಪ್ಪನ್ನು ಹಿಡಿದಿಡುತ್ತದೆ. ಆತ ಬಾಟಲಿ ಎತ್ತಿ ಗಟಗಟ ನೀರು ಕುಡಿಯುತ್ತಾನಲ್ಲ, ಆ ಬಾಯಾರಿಕೆಯನ್ನು ಎಬ್ಬಿಸುವುದರಲ್ಲೂ ಅದರ ಪಾಲಿದೆ. ಇದಿಲ್ಲದಿದ್ದರೆ ಆತ ಸಂಜೆವರೆಗೆ ನಿಂತಿರಲಾರ. ಒಳಗೆ ಉಪ್ಪು ಬೇಕಾದಷ್ಟಿದ್ದಾಗಲೂ ಈ ವ್ಯವಸ್ಥೆ ಸುಮ್ಮನಾಗದೆ ದುಡಿಯುತ್ತಲೇ ಇದ್ದರೆ ಆಗ ತೊಂದರೆ.

ತಪ್ಪು ಕಲ್ಪನೆ: ಬೆವರು ಸುರಿಸುವವರು ಎಷ್ಟು ಉಪ್ಪು ತಿಂದರೂ ನಡೆಯುತ್ತದೆ, ಸೈಂಧವ ಉಪ್ಪಾದರೆ ಚಿಂತೆಯೇ ಇಲ್ಲ.

ವಾಸ್ತವ: ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚದೊಳಗೆ. ಗೋವೆಯ ಮಳೆಗಾಲದ ಗಂಜಿಯ ಜೊತೆಗಿನ ಒಣಮೀನು, ಉಪ್ಪಿನಲ್ಲಿ ಹಾಕಿಟ್ಟ ಮಾವು. ನಮ್ಮ ಕಡೆಯ ಉಪ್ಪಿನಕಾಯಿ, ಸಂಡಿಗೆ, ಹಪ್ಪಳ. ಇವುಗಳಲ್ಲಿರುವ ಉಪ್ಪನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸೈಂಧವದಲ್ಲಿರುವುದೂ ಬಹುಪಾಲು ಸೋಡಿಯಂ ಕ್ಲೋರೈಡೇ. ‘ಲೋ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಶಿಯಂ ಇರುತ್ತದೆ. ಟೆಲ್ಮಿಸಾರ್ಟಾನ್, ಲೊಸಾರ್ಟಾನ್‌ನಂಥ ‘ಸಾರ್ಟಾನ್’ ಗುಳಿಗೆಯೂ ರಕ್ತದಲ್ಲಿ ಪೊಟ್ಯಾಶಿಯಂ ಏರಿಸಬಲ್ಲದು. ವೈದ್ಯರನ್ನು ಕೇಳದೆ ಆ ಉಪ್ಪನ್ನು ತರಬೇಡಿ.

ತಪ್ಪು ಕಲ್ಪನೆ: ಈ ಗುಳಿಗೆ ಕಿಡ್ನಿ ಕೆಡಿಸುತ್ತದೆ.

ವಾಸ್ತವ: ನನಗೆ ಅತಿ ಹೆಚ್ಚು ನೋವು ಕೊಡುವ ಮಾತು ಇದು. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ಗೋವೆಯ ವಯಸ್ಕರಲ್ಲಿ ಶೇ. 26.4 ಮಂದಿಗೆ ಮಧುಮೇಹ, ದೇಶದಲ್ಲೇ ಅತಿ ಹೆಚ್ಚು. ಮಧುಮೇಹಿಗಳ ಮೂತ್ರಪಿಂಡದ ಸೋಸುಬಲೆಯಿಂದ ರಕ್ತ ಹೊರಹೋಗುವ ನಾಳವನ್ನು ಆಂಜಿಯೋಟೆನ್ಸಿನ್ ಬಿಗಿ ಮಾಡುತ್ತದೆ. ಬಲೆಯೊಳಗೆ ಒತ್ತಡ ಏರಿ ಪ್ರೋಟೀನ್ ಸೋರತೊಡಗುತ್ತದೆ. ಗುಳಿಗೆ ಆ ಬಿಗಿಯನ್ನು ಸಡಿಲಿಸುತ್ತದೆ. ಲೊಸಾರ್ಟಾನ್, ಇರ್ಬೆಸಾರ್ಟಾನ್‌ಗಳು ಮಧುಮೇಹಿಗಳ ಮೂತ್ರಪಿಂಡದ ಹಾನಿಯನ್ನು ನಿಧಾನಗೊಳಿಸುತ್ತವೆ ಎಂದು 2001ರಲ್ಲೇ ದೊಡ್ಡ ಅಧ್ಯಯನಗಳು ತೋರಿಸಿವೆ. ಶುರುವಿನಲ್ಲಿ ಮೂತ್ರಪಿಂಡದ ಕೆಲಸ ಅಳೆಯಲು ನೋಡುವ ಕ್ರಿಯಾಟಿನಿನ್ ರಕ್ತದಲ್ಲಿ ಸ್ವಲ್ಪ ಏರಬಹುದು. ರಕ್ತ ಪರೀಕ್ಷೆಗೆ ಹೇಳುವುದು ಅದಕ್ಕೇ. ಅಪಾಯ ಬರುವುದು ವಾಂತಿಭೇದಿಯಲ್ಲಿ ಮೈ ನೀರು ಕಳೆದುಕೊಂಡಾಗ, ಅದರ ಮೇಲೆ ಮೈಕೈ ನೋವಿಗೆಂದು ಅಂಗಡಿಯ ನೋವಿನ ಗುಳಿಗೆ ನುಂಗಿದಾಗ. ಅಂಥ ದಿನ ತಡಮಾಡದೆ ವೈದ್ಯರನ್ನು ಕಾಣಿರಿ.

ತಪ್ಪು ಕಲ್ಪನೆ: ಗುಳಿಗೆ ಒಗ್ಗದಿದ್ದರೆ ಬಿಟ್ಟರಾಯಿತು.

ವಾಸ್ತವ: ಬಿಡಬೇಕಿಲ್ಲ, ಬದಲಿಸಬಹುದು. ಎಸಿಇ ತಡೆಯುವ ಇನ್ನೊಂದು ಬಗೆಯ ಗುಳಿಗೆಗಳಿವೆ, ಅವುಗಳ ಮೂಲ ಬ್ರೆಜಿಲ್. ಜರರಾಕಾ ಹಾವಿನ ವಿಷದ ಮೇಲೆ 1960ರ ದಶಕದಲ್ಲಿ ಸೆರ್ಜಿಯೊ ಫೆರೇರಾ ಮಾಡಿದ ಕೆಲಸ ಈ ದಾರಿ ತೆರೆಯಿತು. 1981ರಲ್ಲಿ ಅಮೆರಿಕದಲ್ಲಿ ಕ್ಯಾಪ್ಟೋಪ್ರಿಲ್‌ಗೆ ಅನುಮತಿ ಸಿಕ್ಕಿತು. ‘ಪ್ರಿಲ್’ ಎಂದು ಮುಗಿಯುವ ಗುಳಿಗೆಗಳಿಂದ ಕೆಲವರಿಗೆ ಒಣಕೆಮ್ಮು ಬರುವುದುಂಟು, ಏಕೆಂದರೆ ಎಸಿಇ ಒಡೆಯಬೇಕಾದ ಬ್ರಾಡಿಕೈನಿನ್ ಎಂಬ ವಸ್ತು ಉಳಿದುಬಿಡುತ್ತದೆ. ಹೇಳಿದರೆ ವೈದ್ಯರು ಸಾಮಾನ್ಯವಾಗಿ ಸಾರ್ಟಾನ್‌ಗೆ ಬದಲಿಸುತ್ತಾರೆ. ಗರ್ಭಿಣಿಯರು ಮತ್ತು ಗರ್ಭ ಧರಿಸಬೇಕೆಂದಿರುವವರು ಮಾತ್ರ ತಕ್ಷಣ ತಿಳಿಸಲೇಬೇಕು. ಎರಡೂ ಬಗೆಯ ಗುಳಿಗೆಗಳು ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡುತ್ತವೆ.

“ಬಿಪಿ ನಾರ್ಮಲ್ ಬಂದೈತಿ, ಗುಳಿಗಿ ಬಿಟ್ಟೀನಿ” ಅನ್ನುವ ಅಣ್ಣಂದಿರೇ, ಅಕ್ಕಂದಿರೇ, ನಾರ್ಮಲ್ ಬಂದದ್ದು ಆ ಗುಳಿಗೆಯಿಂದಲೇ. ಜಾತ್ರೆಗೋ ಮದುವೆಗೋ ಊರಿನ ಬಸ್ಸು ಹತ್ತುವಾಗ ಅಷ್ಟು ದಿನಕ್ಕೆ ಸಾಲುವಷ್ಟು ಗುಳಿಗೆ ಚೀಲದಲ್ಲಿ ಇಟ್ಟುಕೊಳ್ಳಿ.