ಮುಖದ ನಡುಗೆರೆ ಎಲ್ಲಿದೆ?

ನಿಮ್ಮ ನೇರನೋಟದ ಫೋಟೋ ಒಂದನ್ನು ತೆಗೆದುಕೊಂಡು, ಮೂಗಿನ ಗೆರೆಗುಂಟ ಪುಟ್ಟ ಕನ್ನಡಿಯನ್ನು ನೆಟ್ಟಗೆ ನಿಲ್ಲಿಸಿ. ಅರ್ಧ ಫೋಟೋ, ಅರ್ಧ ಪ್ರತಿಬಿಂಬ ಸೇರಿ ಒಂದು ಮುಖ ಕಾಣುತ್ತದೆ. ಅದು ನಿಮ್ಮದೇ? ಪೂರ್ತಿ ಅಲ್ಲ! ಯಾರ ಮುಖದ ಎಡಬಲಗಳೂ ಸಂಪೂರ್ಣ ಸಮವಲ್ಲ. ಕನ್ನಡಿಯನ್ನು ಕೊಂಚ ಪಕ್ಕಕ್ಕೆ ಸರಿಸಿ. ಮುಖ ಅಗಲವಾಗುತ್ತದೆ, ಇಲ್ಲವೇ ಕಿರಿದಾಗುತ್ತದೆ. ಈ ಆಟ ನೆನಪಿರಲಿ.

ಹುಟ್ಟಿನಿಂದ ಒಂದು ಕಡೆಯ ದವಡೆ ಬೆಳೆಯದವರಲ್ಲಿ, ಅಪಘಾತದಲ್ಲಿ ಕೆನ್ನೆಯ ಮೂಳೆ ಕುಸಿದವರಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಅದನ್ನು ತುಂಬುವ ಇಂಪ್ಲಾಂಟನ್ನು ಆಪರೇಷನ್ ನಡೆಯುತ್ತಿರುವಾಗಲೇ ಕೆತ್ತಿ, ಕಣ್ಣಳತೆಯಿಂದ ಹೊಂದಿಸುವುದು ಹಳೆಯ ಕ್ರಮ. ದಾರಿ ಬದಲಾದದ್ದು ಸಿ.ಟಿ. ಸ್ಕ್ಯಾನಿನಿಂದ. ಬ್ರಿಟನ್ನಿನ ಹೌನ್ಸ್‌ಫೀಲ್ಡ್ ರೂಪಿಸಿದ ಈ ಯಂತ್ರದಲ್ಲಿ 1971ರಲ್ಲಿ ಮೊದಲ ರೋಗಿಯ ತಲೆಯ ಚಿತ್ರ ತೆಗೆಯಲಾಯಿತು. 1983ರಲ್ಲಿ ಅಮೆರಿಕದ ವೈದ್ಯರಾದ ವ್ಯಾನಿಯರ್ ಮತ್ತು ಮಾರ್ಷ್, ವಿಮಾನ ಕಂಪನಿಯ ಎಂಜಿನಿಯರ್ ವಾರೆನ್ ಜೊತೆಗೂಡಿ, ಮುಖದ ಶಸ್ತ್ರಚಿಕಿತ್ಸೆಗೆ ಕಂಪ್ಯೂಟರಿನ ಮೂರು ಆಯಾಮದ ಚಿತ್ರಗಳನ್ನು ಬಳಸುವ ಕ್ರಮವನ್ನು ಪ್ರಕಟಿಸಿದರು.

ಕೆಲಸ ನಡೆಯುವುದು ಹೀಗೆ. ಸ್ಕ್ಯಾನರ್ ತಲೆಯನ್ನು ಸೌತೆಕಾಯಿಯ ಬಿಲ್ಲೆಗಳಂತೆ ತೆಳುವಾದ ಪದರಗಳಾಗಿ ಚಿತ್ರಿಸುತ್ತದೆ. ಕಂಪ್ಯೂಟರ್ ಅವನ್ನು ಜೋಡಿಸಿ, ಮೂಳೆಯನ್ನಷ್ಟೇ ಬೇರ್ಪಡಿಸಿ ತಲೆಬುರುಡೆಯನ್ನು ಪರದೆಯ ಮೇಲೆ ಕಟ್ಟುತ್ತದೆ. ಬಳಿಕ ಚೆನ್ನಾಗಿರುವ ಬದಿಯನ್ನು ಕನ್ನಡಿಯ ಬಿಂಬದಂತೆ ತಿರುಗಿಸಿ ಕೊರತೆಯ ಬದಿಯ ಮೇಲೆ ಕೂಡಿಸುತ್ತಾರೆ. ಎರಡರ ನಡುವಿನ ಅಂತರವೇ ಇಂಪ್ಲಾಂಟಿನ ಆಕಾರಕ್ಕೆ ಆಧಾರ. ಟೈಟೇನಿಯಂ ಅಥವಾ 'ಪೀಕ್' ಎಂಬ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಅದನ್ನು ತಯಾರಿಸುತ್ತಾರೆ. ಕೆಳತುಟಿಗೆ ಸ್ಪರ್ಶಜ್ಞಾನ ಕೊಡುವ ನರ ಎಲ್ಲಿದೆ, ಸ್ಕ್ರೂ ಎಲ್ಲಿ ಕೂರಬೇಕು ಎಂಬುದೂ ಮೊದಲೇ ನಿರ್ಧಾರವಾಗುತ್ತದೆ.

ಈಗ ಆ ಕನ್ನಡಿಯ ಆಟಕ್ಕೆ ಬನ್ನಿ. ನಡುಗೆರೆ 2 ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಪ್ರತಿಬಿಂಬ 4 ಮಿಲಿಮೀಟರ್ ಸರಿಯುತ್ತದೆ! ಮುಖವೇ ವಾಲಿದವರಲ್ಲಿ ಮೂಗು, ಗದ್ದಗಳೂ ನಡುವಿನಲ್ಲಿ ಇರಲಾರವು. ಆದ್ದರಿಂದ ವಾಲದೆ ಉಳಿದ ಭಾಗಗಳನ್ನು, ಮುಖ್ಯವಾಗಿ ತಲೆಬುರುಡೆಯ ತಳದ ಗುರುತುಗಳನ್ನು ಆಧಾರವಾಗಿಟ್ಟು ಗೆರೆ ಎಳೆಯಬೇಕಾಗುತ್ತದೆ. ಆ ಗೆರೆ ಸರಿಯೇ ಎಂಬ ತೀರ್ಮಾನ ವೈದ್ಯರದು, ಕಂಪ್ಯೂಟರಿನದಲ್ಲ.

ಮೂಳೆ ಸಮವಾದರೂ ಮೇಲಿನ ಸ್ನಾಯು, ಕೊಬ್ಬು ಸಮವಾಗಿರಬೇಕೆಂದಿಲ್ಲ. ಹಲ್ಲುಗಳ ಕಚ್ಚುವಿಕೆ ಓರೆಯಾಗಿದ್ದರೆ ಇಂಪ್ಲಾಂಟ್ ಹೊರಗಿನ ಆಕಾರ ತುಂಬೀತೇ ಹೊರತು ಅಗಿಯುವ ತೊಂದರೆ ನೀಗದು; ಅದಕ್ಕೆ ದವಡೆಯ ಚಿಕಿತ್ಸೆಯೇ ಬೇಕು. ಸೋಂಕು ತಗುಲಿದರೆ ಇಂಪ್ಲಾಂಟನ್ನು ತೆಗೆಯಬೇಕಾದೀತು. ಮಕ್ಕಳಲ್ಲಿ ಸಾಮಾನ್ಯವಾಗಿ ಮುಖದ ಬೆಳವಣಿಗೆ ಮುಗಿಯುವವರೆಗೆ ಕಾಯುತ್ತಾರೆ.

ಪರದೆಯ ಮೇಲಿನ ಸುಂದರ ಚಿತ್ರವನ್ನು ನೋಡಿ ಒಪ್ಪಿಬಿಡಬೇಡಿ. "ಡಾಕ್ಟರೇ, ನಡುಗೆರೆಯನ್ನು ಯಾವ ಆಧಾರದ ಮೇಲೆ ಎಳೆದಿರಿ?" ಎಂದು ಸಂಕೋಚವಿಲ್ಲದೆ ಕೇಳಿ. ಮುಖ ನಿಮ್ಮದಲ್ಲವೇ?